ಊರಿನ ಶಾಸನದ ಬಗ್ಗೆ ವಿಕಿಪೀಡಿಯದಾಗ ಬರದ್ರ ಮೂರೂ ಸಲ ತಗದಾರ, ಏನ್ ಮಾಡಲಿ?

ಕಲ್ಲೋದುಗ (ಬಾದಾಮಿ ತಾಲೂಕು)

ಎಲ್ಲಾರಿಗೂ ನಮಸ್ಕಾರ್ರಿ. ನಂದೊಂದು ಜೆರಾಕ್ಸ್ ಅಂಗಡಿ ಐತಿ. ರವಿವಾರ ಬಂತಂದ್ರ ಗಾಡಿ ತಗೊಂಡು ವೀರಗಲ್ಲು, ಶಾಸನ, ಹಾಳಗುಡಿ ಅಂತ ತಿರಗೂದು. ಕನ್ನಡ ವಿಕಿಪೀಡಿಯದಾಗ ನಮ್ಮೂರಿನ ಪುಟ ತಗದು ನೋಡಿದ್ರ ಇಂಥಾ ತಾಲೂಕಿನ ಒಂದು ಹಳ್ಳಿ, ಜೋಳ ಬೆಳೀತಾರ, ಇಷ್ಟ. ಹೊಟ್ಟಿ ಉರೀತು. ನಾನ ಕುಂತು ಬರದೆ.

ತ್ರಾಸು ಮೂರು ಅದಾವು.

ಒಂದು, ಹನಮಪ್ಪನ ಗುಡಿ ಕಟ್ಟಿಗೆ ಕೂಡಿಸಿದ ಶಾಸನ ನಾನ ಓದೀನಿ, ಹನ್ನೆರಡು ಸಾಲು. ಅದನ್ನ ಮೂರು ಸಲ ಹಾಕಿದೆ, ಮೂರೂ ಸಲ ಯಾರೋ ತಗದಾರ. ಎರಡು, ನಮ್ಮೂರ ಜಾತ್ರಿ ಪುಸ್ತಕದ ಡಿಟಿಪಿ ಫೈಲು ನನ್ನ ಕಂಪ್ಯೂಟರಿನ್ಯಾಗ ಐತಿ, ನುಡಿ ಅನ್ನೂ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿದ್ದು. ಅಂಟಿಸಿದ್ರ ಇಂಗ್ಲಿಷ್ ಅಕ್ಷರ, ಕೊಂಡಿ, ಚುಕ್ಕಿ ಎಲ್ಲಾ ಕಲಸಿದ ಚುರಮರಿ ಆಗತೈತಿ. ಮೂರು, ಕಲ್ಲಿನ ಫೋಟೋ ಅಳಸ್ತೀವಿ ಅಂತ ನೋಟೀಸ್ ಬಂದೈತಿ.

ಕಲ್ಲು ನಮ್ಮೂರಾಗ ಐತಿ, ದಿನಾ ಅದರ ಮುಂದ ಅಡ್ಡ್ಯಾಡತೀನಿ. ಇದಕ್ಕಿಂತ ದೊಡ್ಡ ಆಧಾರ ಯಾವದು ಬೇಕ್ರಿ ಇವರಿಗೆ?

ಗುಮ್ಮಟದ ನೆರಳು (ವಿಜಯಪುರ)

ನಮಸ್ಕಾರ ಸರ್. ಸಿಟ್ಟು ಸಹಜ, ನನ್ನ ಮೊದಲ ಸಂಪಾದನೆಗೂ ಇದೇ ಗತಿ ಆಗಿತ್ತು. ಪುಟದ ಮೇಲೆ "ಇತಿಹಾಸ" ಅಂತ ಇರುತ್ತದೆ, ಅದನ್ನು ಒತ್ತಿ. ನಿಮ್ಮ ಬರಹ ತೆಗೆದ ಸಾಲಿನ ಪಕ್ಕ ಕಂಸದಲ್ಲಿ ಏನು ಕಾರಣ ಕೊಟ್ಟಿದ್ದಾರೆ? ನೀವು ಹಾಕಿದ ಮೊದಲ ಎರಡು ಮೂರು ವಾಕ್ಯಗಳನ್ನೂ ಇಲ್ಲಿ ಹಾಕಿ. ಫೋಟೋ ತೆಗೆದವರು ಯಾರು?

ಕಲ್ಲೋದುಗ

ಅಕ್ಕಾರ, "ಆಧಾರವಿಲ್ಲ, ಸ್ವಂತ ಸಂಶೋಧನೆ" ಅಂತ ಐತ್ರಿ. ನಾ ಬರದಿದ್ದು: "ನಮ್ಮ ಹೆಮ್ಮೆಯ ಈ ಗ್ರಾಮವು ಚಾಲುಕ್ಯರ ಕಾಲದಿಂದಲೂ ಇತಿಹಾಸ ಪ್ರಸಿದ್ಧವಾಗಿದೆ. ಇಲ್ಲಿಯ ಶಾಸನವನ್ನು ಓದಲಾಗಿ..." ಫೋಟೋ ನಮ್ಮ ಗೆಳೆಯ ಹೊಡದಿದ್ದು, ವಾಟ್ಸಾಪಿನಾಗ ಕಳಿಸಿದ್ದ, ನಾ ಏರಿಸಿದೆ. ಅಂವಂದೇನೂ ತಕರಾರಿಲ್ಲ.

ಗುಮ್ಮಟದ ನೆರಳು

ಸರಿ, ಸುಲಭದ್ದನ್ನು ಮೊದಲು ಮುಗಿಸೋಣ.

ಫೋಟೋದ ಹಕ್ಕು ಹೊಡೆದವರದು, ಕೈಯಲ್ಲಿ ಇಟ್ಟುಕೊಂಡವರದಲ್ಲ. "ನನ್ನ ಸ್ವಂತ ಕೃತಿ" ಅಂತ ನೀವು ಗುರುತು ಹಾಕಿದ್ದೇ ತಪ್ಪು. ವಾಟ್ಸಾಪಿನಲ್ಲಿ ಬಂದ ಚಿತ್ರ ಸಣ್ಣದಾಗಿರುತ್ತದೆ, ಯಾವ ಕ್ಯಾಮೆರಾ, ಯಾವ ದಿನ ಅನ್ನುವ ಮಾಹಿತಿ ಉದುರಿಹೋಗಿರುತ್ತದೆ, ಅಂಥವನ್ನು ಕಂಡ ಕೂಡಲೇ ಪರಿಶೀಲಿಸುವವರಿಗೆ ಅನುಮಾನ. ಗೆಳೆಯರು ತಮ್ಮದೇ ಖಾತೆಯಿಂದ ಏರಿಸಲಿ. ಇಲ್ಲವೇ ನೀವೇ ಹೋಗಿ ಹೊಡೆಯಿರಿ, ಊರಲ್ಲೇ ಇದ್ದೀರಲ್ಲ. ಏರಿಸಿದ ಮೇಲೆ ಅದನ್ನು ಯಾರು ಬೇಕಾದರೂ ಹೆಸರು ಹೇಳಿ ಬಳಸಬಹುದು, ಕ್ಯಾಲೆಂಡರಿಗೆ ಹಾಕಿ ಮಾರಲೂಬಹುದು. ಇದನ್ನು ಗೆಳೆಯರಿಗೆ ಮೊದಲೇ ಹೇಳಿಬಿಡಿ.

ಜಾತ್ರೆ ಪುಸ್ತಕದ್ದು ಎರಡು ಗಂಟು. ನುಡಿಯ ಹಳೆ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಮಾಡಿದ ಮೇಲೂ ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಾರೆ ನೋಡಿ. ಕೆಲವರು ಅರ್ಕಾವತ್ತಿನ ಬದಲು ಕನ್ನಡದ ಅಂಕಿ ಒಂಬತ್ತನ್ನೇ ಹೊಡೆದಿರುತ್ತಾರೆ: "ಕನಾ೯ಟಕ". ಕಣ್ಣಿಗೆ ಸರಿ ಕಾಣುತ್ತದೆ, ಹುಡುಕಿದರೆ ಮಾತ್ರ ಯಾವತ್ತೂ ಸಿಗುವುದಿಲ್ಲ.

ಆದರೆ ಪರಿವರ್ತಿಸಿ ಅಂಟಿಸಲಿಕ್ಕೂ ಬರುವುದಿಲ್ಲ. ಟೈಪ್ ಮಾಡಿದ್ದು ನೀವು, ಬರೆದದ್ದು ಬೇರೆಯವರು. ನಮ್ಮ ದೇಶದಲ್ಲಿ ಲೇಖಕರ ನಿಧನದ ನಂತರವೂ 60 ವರ್ಷ ಹಕ್ಕು ಇರುತ್ತದೆ. ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ.

ಇನ್ನು "ಹೆಮ್ಮೆಯ", "ಇತಿಹಾಸ ಪ್ರಸಿದ್ಧ". ಇವೆರಡನ್ನೂ ಇವತ್ತೇ ಕಿತ್ತುಹಾಕಿ. ಜಾತ್ರೆಯ ಕಮಾನಿಗೆ ಚೆಂದ, ವಿಶ್ವಕೋಶಕ್ಕಲ್ಲ.

ಶಾಸನದ ಪ್ರಶ್ನೆಗೆ ಖಾನಾಪುರದ ಅಣ್ಣಾವ್ರು ಉತ್ತರಿಸಿದರೆ ಒಳ್ಳೆಯದು.

ಹಲಸಿಗೆ ಹತ್ತಿರ (ಖಾನಾಪುರ, ಬೆಳಗಾವಿ)

ಬಂದೆ. ಕಲ್ಲೋದುಗ ಅವರೇ, ನೀವು ಓದಿದ್ದು ತಪ್ಪು ಅಂತ ಯಾರೂ ಹೇಳಿಲ್ಲ. ಅದು ಸರಿಯೋ ತಪ್ಪೋ ನೋಡಲು ಧಾರವಾಡದಲ್ಲಿ ಕೂತ ಓದುಗನಿಗೆ ದಾರಿ ಇಲ್ಲ, ಅವನು ನಿಮ್ಮ ಕಟ್ಟೆಗೆ ಬರಬೇಕು. ಪುಸ್ತಕದ ಪುಟ ಸಂಖ್ಯೆ ಕೊಟ್ಟರೆ ಎದ್ದು ಕಪಾಟಿಗೆ ಹೋದರೆ ಸಾಕು.

ಹಾಗಾದರೆ ಎಲ್ಲಿ ಹುಡುಕಬೇಕು? ಬಹಳ ಜನ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು ತೆಗೆದು, ಏನೂ ಸಿಗದೆ, ನಮ್ಮ ಕಡೆಯ ಶಾಸನಗಳನ್ನು ಯಾರೂ ಮುಟ್ಟಿಯೇ ಇಲ್ಲ ಅಂದುಕೊಳ್ಳುತ್ತಾರೆ. ಅದು ಹಳೆ ಮೈಸೂರು ಸೀಮೆಯದು. ಬ್ರಿಟಿಷರ ಕಾಲದಲ್ಲಿ ನಾವು ಮುಂಬಯಿ ಪ್ರಾಂತದವರಲ್ಲವೇ. ನಮ್ಮ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ, ಬಾಂಬೆ-ಕರ್ನಾಟಕ ಶಾಸನಗಳು ಎಂಬ ಹೆಸರಲ್ಲಿ. ಪಾಠ ಕನ್ನಡ ಲಿಪಿಯಲ್ಲೇ ಇದೆ. ಇಲ್ಲಿ ಸಿಗದಿದ್ದರೆ ಎಪಿಗ್ರಾಫಿಯಾ ಇಂಡಿಕಾ, ಅದಕ್ಕೂ ಹಿಂದೆ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಬ್ರಿಟಿಷ್ ಶಾಸನತಜ್ಞ ಫ್ಲೀಟ್ ಪ್ರಕಟಿಸಿದ್ದು ಅದರಲ್ಲೇ, 1881ರಲ್ಲಿ.

ಊರಿನ ಹೆಸರು ಇಂದಿನ ವಿಳಾಸದಲ್ಲಿ ಸಿಗುವುದಿಲ್ಲ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೆ ಮುಂಚಿನ ಪುಸ್ತಕದಲ್ಲಿ ಎಲ್ಲವೂ ಬಿಜಾಪುರ. ಗುಳೇದಗುಡ್ಡದ ಹಳ್ಳಿಗಳು ಬಾದಾಮಿ ತಾಲೂಕಿನಡಿ, ಇಳಕಲ್ಲಿನವು ಹುನಗುಂದದಡಿ. 1884ರ ಬಿಜಾಪುರ ಗೆಜೆಟಿಯರ್ ಅನ್ನೂ ನೋಡಿ, ಆದರೆ ಅದನ್ನು ವೇದವಾಕ್ಯ ಮಾಡಬೇಡಿ. ನೂರಾ ನಲವತ್ತು ವರ್ಷದಲ್ಲಿ ಎಷ್ಟೋ ತೇದಿಗಳು ತಿದ್ದಿಹೋಗಿವೆ.

ತೇದಿ ಅಂದ ಮೇಲೆ ಒಂದು ಮಾತು. ಶಕ ವರ್ಷಕ್ಕೆ 78 ಕೂಡಿಸಿದರಾಯಿತು ಅಂತ ಕೈ ತೊಳೆದುಕೊಳ್ಳಬೇಡಿ. ಶಕ ವರ್ಷ ಚೈತ್ರಕ್ಕೆ ಹುಟ್ಟುತ್ತದೆ, ಮಾಘ, ಫಾಲ್ಗುಣದ ದಾನವಾದರೆ ಇಂಗ್ಲಿಷ್ ವರ್ಷ ದಾಟಿರುತ್ತದೆ, 79 ಆಗುತ್ತದೆ. ಬಾದಾಮಿಯ ಮೂರನೇ ಗುಹೆಯ ಮಂಗಳೇಶನ ಶಾಸನ ಶಕ 500 ಕಳೆದ ಮೇಲಿನ ಕಾರ್ತಿಕ ಹುಣ್ಣಿಮೆಯದು, ಹಾಗಾಗಿ ಸರಿಯಾಗಿ 578. ಐಹೊಳೆ ಮೇಗುತಿ ಗುಡಿಯ ಶಾಸನ ಬರೆದ ಕವಿ ರವಿಕೀರ್ತಿ ಶಕ 556 ಅನ್ನುತ್ತಾನೆ, ತಿಂಗಳು ಹೇಳುವುದಿಲ್ಲ, ಅದಕ್ಕೇ ವಿದ್ವಾಂಸರು 634-35 ಅಂತ ಬರೆಯುವುದು. ನಿಮ್ಮ ಕಲ್ಲಿನಲ್ಲಿ ತಿಂಗಳು ಅಳಿಸಿದ್ದರೆ ನೀವೂ ಹಾಗೆ ಎರಡು ವರ್ಷ ಬರೆಯಬೇಕು. ಅದೂ ಪ್ರಕಟಿಸಿದವರು ಕೊಟ್ಟ ತೇದಿಯೇ ಇರಲಿ, ನಿಮ್ಮ ಗಣಿತ ಬೇಡ.

ಕಲ್ಲೋದುಗ

ಅಣ್ಣಾರ, ಪುಸ್ತಕದಾಗ ಇಲ್ಲದ ಕಲ್ಲು ಇದ್ರ? ಹಿರ್ಯಾರು ಹೇಳಿದ ಕತಿ ಇದ್ರ? ನಮ್ಮೂರಿಗೆ ಆ ಹೆಸರು ಯಾಕ ಬಂತು ಅಂತ ನಮ್ಮಜ್ಜಿ ಹೇಳತಿದ್ಲು.

ಹಲಸಿಗೆ ಹತ್ತಿರ

ಅಜ್ಜಿಯ ಕತೆಯನ್ನು ಬಿಡಬೇಡಿ, ಬರೆದಿಟ್ಟುಕೊಳ್ಳಿ. ಆದರೆ ಅದು ಇತಿಹಾಸದ ಸಾಲಿನಲ್ಲಿ ಕೂರುವುದಿಲ್ಲ. ಐಹೊಳೆಯದೇ ನೋಡಿ. ಪರಶುರಾಮ ಕೊಡಲಿ ತೊಳೆದ, ಹೊಳೆ ಕೆಂಪಾಯಿತು, ಕಂಡವಳು "ಅಯ್ಯೋ ಹೊಳೆ" ಅಂದಳು ಅಂತ ಕತೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ. ಎರಡನ್ನೂ ಬರೆಯಬಹುದು, ಇದು ಐತಿಹ್ಯ, ಇದು ಶಾಸನ ಅಂತ ಬೇರೆ ಮಾಡಿ, ಎರಡಕ್ಕೂ ಅಚ್ಚಾದ ಆಧಾರ ಕೊಟ್ಟು.

ಪುಸ್ತಕದಲ್ಲಿ ಇಲ್ಲದ ಕಲ್ಲಾದರೆ ವಿಕಿಪೀಡಿಯ ಅದಕ್ಕೆ ಮೊದಲ ಜಾಗ ಅಲ್ಲ. ಶಾಸನ ಓದಬಲ್ಲ ಪ್ರಾಧ್ಯಾಪಕರಿಗೆ ತೋರಿಸಿ, ಅವರ ಜೊತೆ ಸಣ್ಣ ಲೇಖನ ಮಾಡಿ. ಕರ್ನಾಟಕ ಇತಿಹಾಸ ಅಕಾಡೆಮಿಯ "ಇತಿಹಾಸ ದರ್ಶನ"ದಂಥ ಸಂಪುಟದಲ್ಲಿ ಅಚ್ಚಾದ ಮೇಲೆ ಹಾಕಿದರೆ ನಿಲ್ಲುತ್ತದೆ.

ಅಂದಹಾಗೆ, ನಿಮ್ಮ ಫೋಟೋ ಅಳಿಯುವ ಮುಂಚೆ ನೋಡಿದೆ. ಅಕ್ಷರ ಬೆಳ್ಳಗೆ ಹೊಳೆಯುತ್ತಿವೆ. ಸುಣ್ಣ ತುಂಬಿದಿರಾ?

ಕಲ್ಲೋದುಗ

ಚಾಕ್ ಪೀಸ್ ಪುಡಿ ರೀ. ಮೊದಲ ಎಣ್ಣಿ ಹಚ್ಚಿ ತಿಕ್ಕಿದ್ವಿ.

ಹಲಸಿಗೆ ಹತ್ತಿರ

ಅಯ್ಯೋ ಮಾರಾಯ್ರೇ! ಎಣ್ಣೆ ಕಲ್ಲೊಳಗೆ ಇಳಿದು ಧೂಳು ಹಿಡಿಯುತ್ತದೆ. ಪುಡಿ ತುಂಬುವಾಗ ಎಲ್ಲಿ ಗೆರೆ ಇದೆ ಅಂತ ನೀವೇ ತೀರ್ಮಾನ ಮಾಡಿರುತ್ತೀರಿ, ನೋಡುವವನಿಗೆ ಕಲ್ಲು ಕಾಣುವುದಿಲ್ಲ, ನಿಮ್ಮ ಓದು ಕಾಣುತ್ತದೆ. ಇನ್ನು ಮುಂದೆ ಕತ್ತಲಾದ ಮೇಲೆ ಹೋಗಿ. ಒಬ್ಬರು ಬ್ಯಾಟರಿಯನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಲಿ. ಎದುರಿನಿಂದ ಬೇಡ. ನೆರಳು ಗೆರೆಯೊಳಗೆ ಬಿದ್ದು ಒಂದೊಂದು ಅಕ್ಷರವೂ ಏಳುತ್ತದೆ. ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ.

ಗುಮ್ಮಟದ ನೆರಳು

ನಾನೊಂದು ಸೇರಿಸುತ್ತೇನೆ. ಪಾಠ ಟೈಪ್ ಮಾಡುವಾಗ ಹಳೆಯ ಱ, ೞ ಅಕ್ಷರಗಳನ್ನು ರ, ಳ ಮಾಡಬೇಡಿ. ಕಪ್ಪೆ ಅರಭಟ್ಟನ ಶಾಸನದಲ್ಲಿ "ಮಾಧವನೀತನ್ ಪೆಱನಲ್ಲ" ಅಂತಿದೆ, ಅದನ್ನು "ಪೆರನಲ್ಲ" ಮಾಡಿದರೆ ಶಾಸನವನ್ನೇ ತಿದ್ದಿದ ಹಾಗೆ. ಎರಡೂ ಯೂನಿಕೋಡಿನಲ್ಲಿವೆ. ೞ ಅಕ್ಷರಕ್ಕೆ ಅಲ್ಲಿ "ಎಫ್‌ಎ" ಅಂತ ತಪ್ಪು ಹೆಸರು ಬಿದ್ದಿದೆ, ಹೆಸರು ಬದಲಿಸುವ ಪದ್ಧತಿ ಇಲ್ಲದ್ದರಿಂದ ಹಾಗೇ ಉಳಿದಿದೆ. ಹುಡುಕುವಾಗ ಗಾಬರಿ ಆಗಬೇಡಿ.

ಬರೆಯುವುದನ್ನು ಮೊದಲು "ನನ್ನ ಪ್ರಯೋಗಪುಟ"ದಲ್ಲಿ ಬರೆಯಿರಿ. ಪ್ರತಿ ವಾಕ್ಯದ ಕೊನೆಗೆ ಉಲ್ಲೇಖದ ಗುಂಡಿ ಒತ್ತಿ ಸಂಪುಟ, ಶಾಸನದ ಸಂಖ್ಯೆ, ಪುಟ ತುಂಬಿ. ನಾಲ್ಕನೇ ಸಲ ಸುಮ್ಮನೆ ವಾಪಸ್ ಹಾಕಬೇಡಿ, ಅದನ್ನು ಜಗಳ ಅಂತ ತಿಳಿಯುತ್ತಾರೆ. ಪುಟದ "ಚರ್ಚೆ"ಯಲ್ಲಿ ತೆಗೆದವರನ್ನೇ ಕೇಳಿ, ಕೊನೆಗೆ ನಾಲ್ಕು ಸಲ ~ ಒತ್ತಿ ಸಹಿ ಮಾಡಿ. ಅಲ್ಲಿ ಯಾರೂ ಮಾತಾಡದಿದ್ದರೆ ಅರಳಿ ಕಟ್ಟೆಗೆ ಹೋಗಿ. ನಿಜವಾಗಿ ಆ ಪುಟದ ಹೆಸರೇ ಅದು.

ಕಲ್ಲೋದುಗ (ಹನ್ನೊಂದು ದಿನದ ಮ್ಯಾಲೆ)

ಸಿಕ್ತು ರೀ! ಸಂಪುಟದಾಗ ನಮ್ಮೂರ ಕಲ್ಲು ಐತಿ. ಬಾದಾಮಿ ತಾಲೂಕು, ಬಿಜಾಪುರ ಜಿಲ್ಲೆ, ಊರಿನ ಹೆಸರಿನ್ಯಾಗ ಒಂದಕ್ಷರ ಹೆಚ್ಚುಕಮ್ಮಿ. ಅದಕ್ಕ ಮೊದಲ ಕಂಡಿರಲಿಲ್ಲ. ಬರದು ಹಾಕೀನಿ, ತಗದಿಲ್ಲ. ಮೊದಲ ತಗದಾವರ ಬಂದು ಒಂದು ಕಾಗುಣಿತ ತಿದ್ದಿ ಹೋದ್ರು.

ಆದ್ರ ಒಂದು ಮಾತು. ಪುಸ್ತಕದಾಗ ಹದಿನಾಕು ಸಾಲು ಅದಾವು. ನಾ ಹನ್ನೆರಡ ಓದಿದ್ದೆ, ಪೂರ್ತಿ ಆತು ಅಂದ್ಕೊಂಡಿದ್ದೆ. ನಿನ್ನೆ ರಾತ್ರಿ ಬ್ಯಾಟರಿ ತಗೊಂಡು ಹೋಗಿ ಬಗ್ಗಿ ನೋಡಿದ್ರ, ಕಟ್ಟಿಗೆ ಸಿಮೆಂಟ್ ಹಾಕುಮುಂದ ಕೆಳಗಿನ ಎರಡು ಸಾಲು ಒಳಗ ಹೋಗ್ಯಾವು. ಹದಿಮೂರನೇ ಸಾಲಿನ ತಲಿಗಳು ಅಷ್ಟ ಕಾಣತಾವು. ಇದನ್ನ ಪುಟದಾಗ ಬರೀಲೇನು?

ಹಲಸಿಗೆ ಹತ್ತಿರ

ಪುಟದಲ್ಲಿ ಬೇಡ, ಅದೂ ನಿಮ್ಮ ಸ್ವಂತ ಕಂಡದ್ದೇ. ಫೋಟೋ ಏರಿಸಿ, ಅದರ ವಿವರಣೆಯಲ್ಲಿ ಹಾಗೇ ಬರೆಯಿರಿ: ಕೆಳಗಿನ ಎರಡು ಸಾಲು ಸಿಮೆಂಟಿನಡಿ, ತೆಗೆದ ದಿನ ಇಂಥದ್ದು. ಮತ್ತೆ ಉಳಿ ತಗೊಂಡು ಕೆದರಲಿಕ್ಕೆ ಹೋಗಬೇಡಿ.

ಕಲ್ಲೋದುಗ

ಉಳಿ ಗಾಡಿ ಡಿಕ್ಕಿಯೊಳಗ ಇತ್ತು ರೀ. ಮನ್ಯಾಗ ಇಟ್ಟು ಹೋಗತೀನಿ.