ಬಾಡಿಗೆಗೆಂದು ಹಳೇ ಮನೆ ಕೊಳ್ಳುತ್ತಿದ್ದೇವೆ, ಮೇಲೆ ಭೋಗ್ಯದವರಿದ್ದಾರೆ. ಏನೇನು ನೋಡಬೇಕು?

ತಿಪಟೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹೆಂಡತಿಯೂ ಇಬ್ಬರೂ ಶಿಕ್ಷಕರು. ಮೈಸೂರಿನ ಶ್ರೀರಾಂಪುರದಲ್ಲಿ ಒಂದು ಮನೆ ನೋಡಿದ್ದೇವೆ. 30-40 ಸೈಟು, ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ್ದು. ಕೆಳಗೆ ಎರಡು ಬೆಡ್‌ರೂಮಿನ ಮನೆ ಖಾಲಿ ಇದೆ, 14,000 ಬರುತ್ತೆ ಅಂತಾರೆ. ಮೇಲೆ ಎರಡು ಸಣ್ಣ ಪೋರ್ಷನ್. ಒಂದರಲ್ಲಿ 8,500 ಕೊಡೋ ಬಾಡಿಗೆಯವರು, ಇನ್ನೊಂದರಲ್ಲಿ 6 ಲಕ್ಷಕ್ಕೆ ಭೋಗ್ಯದವರು (ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆ ಇಲ್ಲದೆ ಇರ್ತಾರೆ, ಬಿಡುವಾಗ ಅದನ್ನು ವಾಪಸ್ ಕೊಡಬೇಕು). ಅವರ ಅವಧಿ ಇನ್ನೂ ಒಂದೂವರೆ ವರ್ಷ ಇದೆ. ಮಾತಾಗಿರುವುದು 92 ಲಕ್ಷಕ್ಕೆ. 50 ಲಕ್ಷ ಸಾಲ ಮಾಡಬೇಕು. ಬ್ಯಾಂಕಿನವರು 8 ಪರ್ಸೆಂಟ್, 20 ವರ್ಷ ಅಂದಿದ್ದಾರೆ. ಕಂತು ಸುಮಾರು 41,800.

ಇಸಿ (ಋಣಭಾರ ಪತ್ರ) ತೆಗೆಸಿದ್ದೇವೆ, ಕ್ಲೀನ್ ಇದೆ. ಖಾತೆ ಸರಿ ಇದೆ, ಕಂದಾಯ ಕಟ್ಟಿದ್ದಾರೆ. ಮಾರುವವರು "ಭೋಗ್ಯದವರ ವಿಷಯ ನಾನು ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ" ಅಂತಿದ್ದಾರೆ. ನಮಗೆ ಬಾಡಿಗೆ ಕೊಟ್ಟು ಅಭ್ಯಾಸವಿಲ್ಲ. ಮುಂದುವರಿಯಬಹುದಾ?

ಸರಸ್ವತಿಪುರಂ ಓನರಮ್ಮ

ಮೇಷ್ಟ್ರೇ, ಇಸಿ ಕ್ಲೀನ್ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಇಸಿಯಲ್ಲಿ ಬರುವುದು ರಿಜಿಸ್ಟರ್ ಆಗಿರುವ ವ್ಯವಹಾರ ಮಾತ್ರ. ನಮ್ಮೂರಲ್ಲಿ ಭೋಗ್ಯದ ಕರಾರನ್ನು ರಿಜಿಸ್ಟರ್ ಮಾಡಿಸುವವರು ಎಷ್ಟು ಜನ? ಸ್ಟ್ಯಾಂಪ್ ಪೇಪರ್ ಮೇಲೆ ಬರೆದು, ನೋಟರಿ ಸೀಲು ಹೊಡೆಸಿ, ಬೀರುವಿನಲ್ಲಿ ಇಡುತ್ತಾರೆ. ಆ 6 ಲಕ್ಷ ಯಾವ ಇಸಿಯಲ್ಲೂ ಕಾಣಲ್ಲ.

"ನನಗೆ ಗೊತ್ತಿರಲಿಲ್ಲ" ಅಂತ ಆಮೇಲೆ ಹೇಳೋಕೂ ಆಗಲ್ಲ. ಮನೆಯಲ್ಲಿ ಜನ ವಾಸ ಇದ್ದರೆ, ಅವರಿಗಿರುವ ಹಕ್ಕು ಕೊಳ್ಳುವವರಿಗೆ ತಿಳಿದಿತ್ತು ಅಂತಲೇ ಕಾನೂನು ಎಣಿಸುತ್ತದೆ. ರಿಜಿಸ್ಟ್ರೇಷನ್ ಆದ ಮರುದಿನದಿಂದ ಅವರಿಗೆ ಓನರ್ ನೀವು. ದುಡ್ಡು ತಿಂದವರು ಹಳಬರು, ವಾಪಸ್ ಕೇಳುವುದು ನಿಮ್ಮನ್ನ.

ಅದಕ್ಕೇ ಮೊದಲ ಕೆಲಸ: ಬ್ರೋಕರ್ ಇಲ್ಲದೆ, ಗಂಡ ಹೆಂಡತಿ ಇಬ್ಬರೂ ಒಂದು ಭಾನುವಾರ ಮಧ್ಯಾಹ್ನ ಮೇಲೆ ಹತ್ತಿ ಹೋಗಿ. ಕೂತು ಮಾತಾಡಿ. ಅವರ ಹತ್ತಿರ ಇರುವ ಕರಾರಿನ ಪ್ರತಿ ನೋಡಿ. ಮಾರುವವರು ತೋರಿಸುವ ಜೆರಾಕ್ಸ್ ಸಾಲದು. ನಮ್ಮ ಪಕ್ಕದ ಬೀದಿಯಲ್ಲಿ ಮನೆ ಕೊಳ್ಳುವವರ ಜೊತೆ ನಾನೂ ಹೋಗಿದ್ದೆ. ಓನರ್ ಹೇಳಿದ್ದು 5 ಲಕ್ಷ. ಭೋಗ್ಯದಾಕೆ ಪ್ಲಾಸ್ಟಿಕ್ ಕವರಿನಿಂದ ಕರಾರು ತೆಗೆದು ಮಗುಚಿದರು. ಹಿಂದುಗಡೆ ನೀಲಿ ಪೆನ್ನಿನಲ್ಲಿ "ಹೆಚ್ಚುವರಿ 2 ಲಕ್ಷ ಮುಟ್ಟಿದೆ" ಅಂತ ಬರೆದು, ಓನರ್ ಸಹಿ! ಮುಂದಿನ ಪುಟ ಮಾತ್ರ ಜೆರಾಕ್ಸ್ ಮಾಡಿಸಿದ್ದರು, ಅಷ್ಟೇ.

ಮೊತ್ತ ಖಚಿತವಾದ ಮೇಲೆ ಎರಡೇ ದಾರಿ. ಒಂದು, ರಿಜಿಸ್ಟ್ರೇಷನ್‌ಗೆ ಮೊದಲು ಅವರ ದುಡ್ಡು ಕೊಟ್ಟು ಖಾಲಿ ಮಾಡಿಸಿಕೊಡಿ ಅಂತ ಮಾರುವವರಿಗೆ ಹೇಳುವುದು. ಇಲ್ಲವಾದರೆ 92ರಲ್ಲಿ ಆ 6 ಲಕ್ಷ ನೀವೇ ಹಿಡಿದುಕೊಂಡು, ಭೋಗ್ಯದವರಿಗೆ ಕೊಡುವ ಹೊಣೆ ನಮ್ಮದು ಅಂತ ಕ್ರಯಪತ್ರದಲ್ಲೇ ಬರೆಸುವುದು. ಭೋಗ್ಯದವರಿಂದಲೂ ಒಪ್ಪಿಗೆ ಪತ್ರ ಇರಲಿ. ಬಾಡಿಗೆಯವರ ಅಡ್ವಾನ್ಸನ್ನೂ ಹೀಗೇ ಮುರಿದುಕೊಳ್ಳಿ. "ನಾನು ನೋಡ್ಕೋತೀನಿ" ಅನ್ನುವ ಮಾತಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಮೂರು ಕಾಸಿನ ಬೆಲೆ ಇಲ್ಲ.

ಲೆಕ್ಕದ ಪುಸ್ತಕ

ಮೇಡಂ ಹೇಳಿದ್ದಕ್ಕೆ ಒಂದಿಷ್ಟು ಅಂಕಿ ಸೇರಿಸುತ್ತೇನೆ. ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ 5.6 ಪರ್ಸೆಂಟ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಪರ್ಸೆಂಟ್. ಒಟ್ಟು 7.6, ಅಂದರೆ ನಿಮ್ಮ ಮನೆಗೆ ಹತ್ತಿರ ಹತ್ತಿರ 7 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಸಿಗಲ್ಲ ಅಂತಲೇ ಇಟ್ಟುಕೊಳ್ಳಿ, ಕೈಯಿಂದ ಹೊಂದಿಸಬೇಕು. ಬೆಲೆ 50 ಲಕ್ಷ ದಾಟಿದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಟಿಡಿಎಸ್ (ಅವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರು ನೀವು. ಮಾರುವವರಲ್ಲಿ ಯಾರಾದರೂ ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕವೇ ಬೇರೆ, ಟಿಡಿಎಸ್ ತುಂಬಾ ಜಾಸ್ತಿ. ಮೊದಲೇ ಕೇಳಿಬಿಡಿ.

ಭೋಗ್ಯದ ಪೋರ್ಷನ್‌ಗೂ 8,500 ಅಂತಿಟ್ಟುಕೊಂಡರೆ, ಮೂರೂ ಪೋರ್ಷನ್ ತುಂಬಿದರೂ ತಿಂಗಳಿಗೆ 31,000. ವರ್ಷಕ್ಕೆ 3.72 ಲಕ್ಷ. ನೀವು ಹಾಕುವುದು 99 ಲಕ್ಷ. ನಾಲ್ಕು ಪರ್ಸೆಂಟೂ ಇಲ್ಲ. ಭೋಗ್ಯದವರು ಇರುವವರೆಗೆ ಬರುವುದು 22,500 ಮಾತ್ರ, ಕಂತಿಗೆ 19,300 ಸಂಬಳದಿಂದ ಹಾಕಬೇಕು. ಬಾಡಿಗೆಯಲ್ಲೇ ಸಾಲ ತೀರುತ್ತೆ ಅಂದುಕೊಂಡಿದ್ದರೆ ಬೇಡ. ಮುಂದೆ ಮೈಸೂರಲ್ಲಿ ಇರಲು ಒಂದು ಮನೆ ಆಗುತ್ತೆ ಅಂತಿದ್ದರೆ ಸರಿ.

ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ಬಿಲ್ಲು ಬೇಡದೆ ಬಿಡುತ್ತಾರೆ. ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ಬಡ್ಡಿ ಬಾಡಿಗೆಯನ್ನು ಮೀರಿದಾಗ ಆ ನಷ್ಟವನ್ನು ಸಂಬಳದಿಂದ ಕಳೆಯಲು ಬಿಡುವುದಿಲ್ಲ.

ಮೇಲ್ಮಹಡಿ

ನಾನು ಭೋಗ್ಯಕ್ಕೆ ಇರುವವನು. ಮನೆ ಮಾರಾಟ ಅಂತ ಕಿವಿಗೆ ಬಿದ್ದ ದಿನದಿಂದ ನಮಗೂ ನಿದ್ದೆ ಬರಲ್ಲ ಸರ್. ಊರಿನ ಜಮೀನು ಮಾರಿ ತಂದ ದುಡ್ಡು ಅದು. ಹೊಸಬರು ಬಂದು ಕರಾರು ನೋಡಿ, ಇಂಥ ದಿನ ಕೊಡ್ತೀವಿ ಅಂತ ಬರೆದುಕೊಟ್ಟರೆ ಅವಧಿಗೆ ಮುಂಚೆಯೇ ಬಿಡೋಕೂ ನಾವು ತಯಾರು. ಕದ್ದು ಮುಚ್ಚಿ ಮಾಡಿದರೆ ಮಾತ್ರ ಕೂತಲ್ಲೇ ಕೂರುತ್ತೇವೆ.

ತಿಪಟೂರು ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಈ ಭಾನುವಾರವೇ ಹೋಗುತ್ತೇವೆ. ಓನರಮ್ಮ ಅವರಿಗೆ ಇನ್ನೊಂದು ಪ್ರಶ್ನೆ. ಬಾಡಿಗೆ ಕರಾರನ್ನು ಎಲ್ಲರೂ 11 ತಿಂಗಳಿಗೇ ಮಾಡೋದು ಯಾಕೆ? ಬಾಡಿಗೆಯವರು ಮನೆ ಬಿಡದೇ ಹೋದರೆ? ಮತ್ತೆ ಕೆಳಗಿನ ಮನೆಗೆ "ಸಸ್ಯಾಹಾರಿ ಫ್ಯಾಮಿಲಿಗೆ ಮಾತ್ರ" ಅಂತ ಬೋರ್ಡು ಹಾಕಿ ಅಂತಾನೆ ಬ್ರೋಕರ್.

ಸರಸ್ವತಿಪುರಂ ಓನರಮ್ಮ

ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆ ಆದರೆ ರಿಜಿಸ್ಟರ್ ಮಾಡಿಸಲೇಬೇಕು. ಅದಕ್ಕೆ 11. ಇನ್ನು 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ದಾಟಿದ ಮನೆಗೆ ಅನ್ವಯಿಸಲ್ಲ. ನಿಮ್ಮದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ. ಕರಾರು ಮುಗಿದು ತಿಂಗಳ ಲೆಕ್ಕದಲ್ಲಿ ಇರುವವರಿಗೆ 15 ದಿನದ ನೋಟಿಸ್ ಸಾಕು ಅಂತ ಕಾನೂನು ಹೇಳುತ್ತೆ. ನೋಟಿಸ್ ಕೊಟ್ಟ ಮೇಲೂ ಬಿಡದವರನ್ನು ಬಿಡಿಸೋಕೆ ಕೋರ್ಟಿಗೇ ಹೋಗಬೇಕು, ಅದು 15 ದಿನದ ಮಾತಲ್ಲ. ಹಾಗಂತ ನೀರು ಕರೆಂಟು ಕಟ್ ಮಾಡೋಕೆ ಹೋಗಬೇಡಿ, ತಪ್ಪು ನಿಮ್ಮ ಮೇಲೇ ಬರುತ್ತೆ.

ಭಾನುವಾರ ಹೋದಾಗ ಮೀಟರ್ ಬೋರ್ಡ್ ನೋಡಿ. ಮೂರು ಮನೆಗೆ ಮೂರು ಮೀಟರ್ ಇದೆಯಾ? ಗೃಹಜ್ಯೋತಿ ಬಂದ ಮೇಲೆ ಬಾಡಿಗೆಗೆ ಬರುವವರು ಕೇಳುವ ಮೊದಲ ಪ್ರಶ್ನೆಯೇ ಇದು. ಒಂದೇ ಮೀಟರ್ ಇದ್ದರೆ ಮೂರೂ ಮನೆ ಸೇರಿ 200 ಯೂನಿಟ್ ದಾಟಿ, ತಿಂಗಳ ತಿಂಗಳ ಬಿಲ್ಲಿಗೆ ಜಗಳ. ವಾಣಿವಿಲಾಸ ವಾಟರ್ ವರ್ಕ್ಸ್ ಬಿಲ್ ಬಾಕಿ ಇದೆಯಾ ಕೇಳಿ. ಕೆಳಗಿನ ಅಡುಗೆಮನೆ ಸಜ್ಜೆ ಕೈಯಿಂದ ಮುಟ್ಟಿ ನೋಡಿ, ಮೇಲಿನ ಬಚ್ಚಲು ಸೋರುತ್ತಿದ್ದರೆ ಹೊಸ ಪೇಂಟಿನ ಕೆಳಗೂ ತೇವ ಗೊತ್ತಾಗುತ್ತೆ.

ಬೋರ್ಡಿನ ವಿಷಯ ನಿಮ್ಮ ಇಷ್ಟ. ನನ್ನನ್ನು ಕೇಳಿದರೆ, ಅವರು ಏನು ತಿಂತಾರೆ ಅನ್ನೋದು ಬಾಡಿಗೆ ಕೊಡುತ್ತಾರಾ ಅನ್ನೋದನ್ನು ಹೇಳಲ್ಲ. ಎಲ್ಲಿ ಕೆಲಸ ಕೇಳಿ, ಹಿಂದಿನ ಮನೆ ಓನರಿಗೆ ಒಂದು ಫೋನ್ ಮಾಡಿ. ನಮ್ಮ ಔಟ್‌ಹೌಸಿನಲ್ಲಿ ಇರೋದು ಕೊಡಗಿನ ಹುಡುಗರು, 5ನೇ ತಾರೀಖು ದಾಟಿದ್ದಿಲ್ಲ. ಬಿಟ್ಟು ಹೋಗುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುತ್ತೀರಿ ಅನ್ನೋದನ್ನು ಕರಾರಿನಲ್ಲೇ ಬರೆಸಿ. "ಬಾಡಿಗೆಗಿದೆ" ಅನ್ನೋ ಬೋರ್ಡು ಆಷಾಢಕ್ಕೆ ಮುಂಚೆ ಹಾಕಿ. ಆಷಾಢದಲ್ಲಿ ಯಾರೂ ಹಾಲುಕ್ಕಿಸಲ್ಲ, ಮನೆ ಒಂದು ತಿಂಗಳು ಸುಮ್ನೆ ಖಾಲಿ ಬಿದ್ದಿರುತ್ತೆ.