ಪ್ರಯೋಗ ಮಾಡಿಸಿದ ಮೇಲೂ ಮಕ್ಕಳ ಮನೋಭಾವದ ಅಂಕಿ ಇಳಿದಿದೆ, ಯಾಕೆ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಚಳ್ಳಕೆರೆ ತಾಲೂಕು

ಮೇಡಂ, ನಮಸ್ಕಾರ. ಈ ವರ್ಷ ಒಂಬತ್ತನೇ ಕ್ಲಾಸಿಗೆ ಬೋರ್ಡ್ ಮೇಲಿನ ಪಾಠ ಕಡಿಮೆ ಮಾಡಿ ಪ್ರಯೋಗ ಜಾಸ್ತಿ ಮಾಡಿಸಿದೆ. ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಕ್ರಿಯಾ ಸಂಶೋಧನೆ, ಅಂದರೆ ನಮ್ಮ ಕ್ಲಾಸಿನಲ್ಲೇ ಮಾಡಿ ನೋಡಿದ್ದರ ವರದಿ ಕೊಡಬೇಕು. ಅದಕ್ಕೆ ವಿಜ್ಞಾನದ ಬಗ್ಗೆ ಮಕ್ಕಳ ಮನೋಭಾವ ತಿಳಿಯಲು 20 ಹೇಳಿಕೆಗಳ ಪ್ರಶ್ನಾವಳಿ ಮಾಡಿ ಜೂನ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಕೊಟ್ಟೆ. ಪೂರ್ತಿ ಒಪ್ಪಿದರೆ 5, ಸ್ವಲ್ಪವೂ ಒಪ್ಪದಿದ್ದರೆ 1. ಜೂನ್‌ನಲ್ಲಿ ಸರಾಸರಿ 4.3 ಇತ್ತು. ಈಗ 4.2. ಮಕ್ಕಳು ಲ್ಯಾಬ್ ಬಿಟ್ಟು ಹೊರಗೆ ಬರಲ್ಲ, ಮೊದಲು ಬಾಯಿ ಬಿಡದವರೂ ಪ್ರಶ್ನೆ ಕೇಳುತ್ತಾರೆ. ಅಂಕಿ ಮಾತ್ರ ಇಳಿದಿದೆ. ಮಾದರಿಗೆ ನಾಲ್ಕು ಹೇಳಿಕೆ ಹಾಕಿದ್ದೇನೆ:

'ವಿಜ್ಞಾನ ಕ್ಲಾಸ್ ಎಂದರೆ ನನಗೆ ಇಷ್ಟ.'
'ವಿಜ್ಞಾನ ಪಾಠದಲ್ಲಿ ನನಗೆ ಬೇಸರವಾಗುವುದಿಲ್ಲ.'
'ವಿಜ್ಞಾನ ಸುಲಭವಾದ ಮತ್ತು ಉಪಯೋಗವಾದ ವಿಷಯ.'
'ಮುಂದೆ ವಿಜ್ಞಾನಿಯಾಗುವ ಆಸೆ ಇದೆ.'

ಉತ್ತರ: ಶಿಕ್ಷಣ ಮಾಪನ ಉಪನ್ಯಾಸಕಿ, ದಾವಣಗೆರೆ

ಸರ್, ನಮಸ್ಕಾರ. ನಿಮ್ಮ ಪ್ರಯೋಗಗಳು ಸೋತಿವೆ ಅಂತ ಈ ಅಂಕಿ ಹೇಳುತ್ತಿಲ್ಲ. ಈ ಪ್ರಶ್ನಾವಳಿಗೆ ಅದನ್ನು ಹೇಳುವ ಶಕ್ತಿಯೇ ಇಲ್ಲ.

ಮೊದಲು ಆ 4.3 ನೋಡಿ. ಐದಕ್ಕೆ 4.3 ಅಂದರೆ ಮೇಲೆ ಹೋಗಲು ಹೆಚ್ಚು ಜಾಗವೇ ಉಳಿದಿಲ್ಲ. ಜೂನ್‌ನಲ್ಲಿ ಅಷ್ಟು ಯಾಕೆ ಬಂತು? ಹಾಳೆ ಹಂಚಿದ್ದು ನೀವೇ, ಮೇಲೆ ಹೆಸರು ಬರೆಸಿರುತ್ತೀರಿ, ಎದುರಿಗೇ ನಿಂತಿರುತ್ತೀರಿ ಅಲ್ವಾ? ವಿಜ್ಞಾನದ ಮೇಷ್ಟ್ರ ಎದುರಿಗೆ 'ವಿಜ್ಞಾನ ಕ್ಲಾಸ್ ಇಷ್ಟವಿಲ್ಲ' ಅಂತ ಯಾವ ಮಗು ಬರೆಯುತ್ತದೆ? ಫೆಬ್ರವರಿ ಹೊತ್ತಿಗೆ ನಿಮ್ಮ ಹತ್ತಿರ ಸಲುಗೆ ಬೆಳೆದು ಕೆಲವರು ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದಿರಬಹುದು. ಹಾಗಿದ್ದರೆ ಅಂಕಿ ಇಳಿದದ್ದು ಒಳ್ಳೆಯ ಸುದ್ದಿ! ಮುಂದಿನ ಸಲ ಹಾಳೆಯನ್ನು ಬೇರೆ ವಿಷಯದ ಶಿಕ್ಷಕರು ಕೊಡಲಿ. ಹೆಸರು ಬೇಡ. ಎರಡು ಸಲದ ಹಾಳೆಗಳನ್ನು ಜೋಡಿಸಲು ಅಜ್ಜಿ ಊರಿನ ಮೊದಲ ಎರಡು ಅಕ್ಷರ ಮತ್ತು ಹುಟ್ಟಿದ ತಾರೀಖು ಬರೆಸಿದರೆ ಸಾಕು.

ಇನ್ನು ನಿಮ್ಮ ಹೇಳಿಕೆಗಳು. 'ಬೇಸರವಾಗುವುದಿಲ್ಲ' ಎಂಬುದಕ್ಕೆ 'ಒಪ್ಪುವುದಿಲ್ಲ' ಅಂತ ಗುರುತು ಹಾಕಬೇಕಾದ ಮಗು ಎರಡು 'ಇಲ್ಲ'ಗಳ ನಡುವೆ ಸಿಕ್ಕಿಬೀಳುತ್ತದೆ. 'ಬೇಸರವಾಗುತ್ತದೆ' ಅಂತಲೇ ಬರೆಯಿರಿ, ಅಂಕ ತಿರುಗಿಸಿ: 5 ಬಂದರೆ 1, 4 ಬಂದರೆ 2. ಮೂರನೆಯದರಲ್ಲಿ ಎರಡು ಮಾತಿವೆ. ಉಪಯೋಗ ಹೌದು, ಸುಲಭ ಅಲ್ಲ ಅನ್ನುವ ಮಗು ಎಲ್ಲಿ ಗುರುತು ಹಾಕಬೇಕು?

ನಾಲ್ಕನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಕಡೆಯದೇ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಕ್ಲಾಸ್ ಇಷ್ಟ ಎಂಬುದಕ್ಕೆಲ್ಲ 5 ಹಾಕಿದ್ದಳು, ವಿಜ್ಞಾನಿಯಾಗುವ ಆಸೆಗೆ 1. ಕೇಳಿದಾಗ, 'ಮಿಸ್, ನಮ್ಮೂರ ಹತ್ತಿರದ ಪಿಯು ಕಾಲೇಜಲ್ಲಿ ಸೈನ್ಸ್ ಇಲ್ಲ, ದುರ್ಗಕ್ಕೆ ಮನೇಲಿ ಕಳಿಸಲ್ಲ' ಅಂದಳು. ಆ 1 ವಿಜ್ಞಾನದ ಮೇಲಿನ ಮನಸ್ಸನ್ನು ಹೇಳುತ್ತಿಲ್ಲ, ಬಸ್ಸು ಹಾಸ್ಟೆಲ್ಲಿನ ಕಷ್ಟವನ್ನು ಹೇಳುತ್ತಿದೆ. ಅದನ್ನು ಉಳಿದ 5ಗಳ ಜೊತೆ ಕೂಡಿ ಸರಾಸರಿ ತೆಗೆದರೆ ಎರಡೂ ಮಾತು ಮುಚ್ಚಿಹೋಗುತ್ತವೆ.

ಕ್ಲಾಸ್ ಇಷ್ಟವಾಗುವುದು, ಬಿಡುವಿನಲ್ಲೂ ವಿಜ್ಞಾನ ಬೇಕೆನ್ನಿಸುವುದು, ಅದರಲ್ಲೇ ಕೆಲಸ ಹಿಡಿಯುವ ಆಸೆ, ಸಮಾಜಕ್ಕೆ ವಿಜ್ಞಾನ ಒಳ್ಳೆಯದು ಅನ್ನುವ ನಂಬಿಕೆ. ಇವು ಬೇರೆ ಬೇರೆ. 1971ರಲ್ಲೇ ಕ್ಲಾಪ್ಫರ್ ಎಂಬ ತಜ್ಞರು ಇವನ್ನು ವಿಂಗಡಿಸಿದ್ದರು. ಅದರ ಮೇಲೆ ಆಸ್ಟ್ರೇಲಿಯಾದ ಬ್ಯಾರಿ ಫ್ರೇಸರ್ ವಿಜ್ಞಾನದ ಬಗೆಗಿನ ಮನೋಭಾವ ಅಳೆಯುವ 'ಟೋಸ್ರಾ' ಎಂಬ ಪರೀಕ್ಷೆ ಮಾಡಿದರು. ಅದರಲ್ಲಿ 70 ಹೇಳಿಕೆ, 7 ಗುಂಪು, ಗುಂಪಿಗೆ 10. ಪ್ರತಿ ಗುಂಪಿಗೂ ಬೇರೆ ಅಂಕ. ನಾವು ದಿನಾ ಬಳಸುವ, 1ರಿಂದ 5ರವರೆಗಿನ ಐದು ಮನೆಗಳ ಅಳತೆಯನ್ನು 1932ರಲ್ಲಿ ಕೊಟ್ಟವರು ರೆನ್ಸಿಸ್ ಲೈಕರ್ಟ್. ಅವರು ಅಂಕ ಕೂಡಿಸಿದ್ದು ಒಂದೇ ಮನೋಭಾವದ ಕಡೆಗೆ ಎಳೆಯುವ ಹೇಳಿಕೆಗಳನ್ನು ಮಾತ್ರ. ಐದು ಮನೆ ಹಾಕಿದ ಮಾತ್ರಕ್ಕೆ ಎಲ್ಲವನ್ನೂ ಕೂಡಿಸಬಹುದು ಅಂತ ಅಲ್ಲ.

ಕೊನೆಗೆ, ಜೂನ್ ಮತ್ತು ಫೆಬ್ರವರಿ. ಜೂನ್‌ನಲ್ಲಿ ಹೊಸ ಪುಸ್ತಕದ ಹುರುಪು. ಫೆಬ್ರವರಿಯಲ್ಲಿ ಪರೀಕ್ಷೆಯ ಭಯ, ಪೋರ್ಷನ್ ಮುಗಿಸುವ ಗಡಿಬಿಡಿ. ಹೈಸ್ಕೂಲು ವರ್ಷಗಳಲ್ಲಿ ವಿಜ್ಞಾನದ ಆಸಕ್ತಿ ಇಳಿಯುತ್ತಾ ಹೋಗುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. 2003ರಲ್ಲಿ ಆಸ್ಬರ್ನ್ ಮತ್ತು ಸಂಗಡಿಗರ ವಿಮರ್ಶೆಯೂ ಅದನ್ನೇ ಹೇಳಿತು. ಹಾಗಾಗಿ ಪ್ರಯೋಗ ಮಾಡಿಸದ ಇನ್ನೊಂದು ಸೆಕ್ಷನ್ನಿಗೂ ಅದೇ ಹಾಳೆ ಕೊಡಬೇಕು. ಅಲ್ಲಿ 4.3 ಇದ್ದದ್ದು 3.8ಕ್ಕೆ ಬಂದಿದ್ದರೆ ನಿಮ್ಮ 4.2 ಗಟ್ಟಿಯಾಗಿ ನಿಂತಿದೆ ಅಂತಲೇ ಅರ್ಥ.

ಬಿ.ಎಡ್ ವಿದ್ಯಾರ್ಥಿನಿ, ದಾವಣಗೆರೆ: ಮೇಡಂ, ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಇದೆಯಾ ಅನ್ನುವುದನ್ನೂ ಇದರಲ್ಲೇ ನೋಡಬಹುದಾ? ಟೋಸ್ರಾವನ್ನೇ ಕನ್ನಡಕ್ಕೆ ಮಾಡಿ ಕೊಡಬಹುದಾ?

ಉತ್ತರ: ಅದು ಬೇರೆ ವಿಷಯ ಕಣಮ್ಮ. ನಮ್ಮ ಸಂವಿಧಾನದ 51ಎ ವಿಧಿ ಬೆಳೆಸಿ ಅನ್ನುವುದು ಯೋಚಿಸುವ ರೀತಿಯನ್ನು: ಪುರಾವೆ ಕೇಳುವುದು, ತಪ್ಪು ಅಂತ ತಿಳಿದರೆ ಅಭಿಪ್ರಾಯ ಬದಲಿಸುವುದು. ವಿಜ್ಞಾನ ಕ್ಲಾಸ್ ಬಹಳ ಇಷ್ಟ ಅನ್ನುವ ಮಗು ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ನಂಬಬಹುದು. ಕ್ಲಾಸ್ ಬೇಡ ಅನ್ನುವವನು 'ಅದು ಹೇಗೆ ಗೊತ್ತು?' ಅಂತ ಕೇಳಬಹುದು. ಟೋಸ್ರಾದಲ್ಲೂ ಅದಕ್ಕೆ ಬೇರೆಯೇ ಗುಂಪಿದೆ.

ಎಪ್ಪತ್ತೂ ಹೇಳಿಕೆ ಒಂದು ಪೀರಿಯಡ್‌ನಲ್ಲಿ ಕೊಟ್ಟರೆ ಮಕ್ಕಳಿಗೆ ಸುಸ್ತು. ನಿಮಗೆ ಬೇಕಾದ ಎರಡು ಮೂರು ಗುಂಪು ಆರಿಸಿಕೊಳ್ಳಿ. ಕನ್ನಡಕ್ಕೆ ಮಾಡಿದ ಮೇಲೆ ಐದಾರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಓದಿಸಿ, 'ನಿನಗೆ ಏನು ಅರ್ಥವಾಯಿತು? ಯಾಕೆ ಹೀಗೆ ಹಾಕಿದೆ?' ಅಂತ ಕೇಳಿ. ಇದನ್ನು ಬಿಡಲೇಬೇಡಿ. ಒಮ್ಮೆ 'ವಿಜ್ಞಾನ ಕ್ಲಾಸ್ ಬೇಗ ಮುಗಿದರೆ ಸಾಕು' ಎಂಬುದಕ್ಕೆ ಒಬ್ಬ ಹುಡುಗ ಪೂರ್ತಿ ಒಪ್ಪಿದ್ದ. ಕೇಳಿದರೆ, ವಿಜ್ಞಾನ ಕೊನೇ ಪೀರಿಯಡ್, ತಡವಾದರೆ ಊರ ಬಸ್ ತಪ್ಪುತ್ತದೆ! ಹೇಳಿಕೆ ಅಳೆದದ್ದು ಟೈಮ್ ಟೇಬಲ್ಲನ್ನು.

ಖಾಸಗಿ ಶಾಲಾ ಶಿಕ್ಷಕರು, ದಾವಣಗೆರೆ: ನಾವು ಗೂಗಲ್ ಫಾರ್ಮ್‌ನಲ್ಲಿ ಕೊಟ್ಟೆವು. ಓದದೆ ಸುಮ್ನೆ ಒಂದೇ ಸಾಲು ಒತ್ತಿದ್ದಾರೆ ಅನ್ನಿಸುತ್ತಿದೆ.

ಉತ್ತರ: ಅಮೆರಿಕದ ಕೊಲೊರಾಡೋದಲ್ಲಿ ಭೌತಶಾಸ್ತ್ರ ಕಲಿಯುವವರಿಗೆ ಮಾಡಿದ 'ಕ್ಲಾಸ್' (CLASS) ಎಂಬ ಹೆಸರಿನ ಸಮೀಕ್ಷೆಯಲ್ಲಿ 42 ಹೇಳಿಕೆ ಇವೆ. ಅವುಗಳ ನಡುವೆ ಒಂದು ಹೀಗಿದೆ: ಓದದೆ ಉತ್ತರಿಸುವವರನ್ನು ಬಿಡಲು ಇದನ್ನು ಇಟ್ಟಿದ್ದೇವೆ, ಇಲ್ಲಿ ನಾಲ್ಕನೆಯದನ್ನೇ ಆರಿಸಿ. ನೀವೂ ಅಂಥದ್ದೊಂದು ಇಡಿ. ಅಂಕ ತಿರುಗಿಸುವ ಹೇಳಿಕೆಗಳೂ ಇದನ್ನು ಹಿಡಿದುಕೊಡುತ್ತವೆ. 'ಇಷ್ಟ'ಕ್ಕೂ 5, 'ಬೇಸರ'ಕ್ಕೂ 5 ಇದ್ದರೆ ಓದಿಲ್ಲ ಅಂತಲೇ.

ಪ್ರಾಥಮಿಕ ಶಾಲಾ ಶಿಕ್ಷಕಿ, ಹೊಳಲ್ಕೆರೆ: ನಮ್ಮ ನಾಲ್ಕನೇ ಕ್ಲಾಸಿನವರಿಗೆ ಐದು ಮನೆ ಎಲ್ಲಿ ಅರ್ಥವಾಗಬೇಕು ಮೇಡಂ?

ಉತ್ತರ: ಬೇಡವೇ ಬೇಡ. ಮೂರು ಮುಖದ ಚಿತ್ರ ಸಾಕು. ಇಲ್ಲವೇ 'ಒಬ್ಬ ವಿಜ್ಞಾನಿಯ ಚಿತ್ರ ಬಿಡಿಸಿ' ಅನ್ನಿ. 1983ರಲ್ಲಿ ಚೇಂಬರ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 4807 ಮಕ್ಕಳು ಚಿತ್ರ ಬಿಡಿಸಿದ್ದರು. ಅದರಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು ಬರೀ 28 ಚಿತ್ರಗಳಲ್ಲಿ, ಅಷ್ಟನ್ನೂ ಬಿಡಿಸಿದ್ದು ಹುಡುಗಿಯರೇ. ನಿಮ್ಮ ಮಕ್ಕಳು ಯಾರನ್ನು ಬಿಡಿಸುತ್ತಾರೆ ನೋಡಿ, ನನಗೂ ತಿಳಿಸಿ.

ಮೊದಲು ಪ್ರಶ್ನೆ ಕೇಳಿದ ಶಿಕ್ಷಕರು: ತುಂಬಾ ಧನ್ಯವಾದ ಮೇಡಂ. ಹಾಗಾದರೆ ಈ ವರ್ಷದ ವರದಿಯಲ್ಲಿ ಏನು ಬರೆಯಲಿ?

ಉತ್ತರ: 4.3, 4.2 ಇದ್ದ ಹಾಗೇ ಬರೆಯಿರಿ ಸರ್, ಮುಚ್ಚಿಡಬೇಡಿ. ಹೇಳಿಕೆಗಳನ್ನು ಗುಂಪು ಮಾಡಿ ಪ್ರತಿ ಗುಂಪಿನ ಅಂಕ ಬೇರೆ ಕೊಡಿ. ಸರಾಸರಿಯ ಜೊತೆಗೆ ಎಷ್ಟು ಮಕ್ಕಳು ಏರಿದರು, ಎಷ್ಟು ಮಕ್ಕಳು ಇಳಿದರು ಅನ್ನುವುದನ್ನೂ ಕೊಡಿ. ಲ್ಯಾಬ್‌ನಲ್ಲಿ ಕಂಡದ್ದೂ ದಾಖಲೆಯೇ, ಆದರೆ 'ಆಸಕ್ತಿ ಹೆಚ್ಚಿದೆ' ಅಂತ ಬರೆದರೆ ಸಾಲದು. ಯಾರು ಏನು ಕೇಳಿದರು ಅಂತ ಬರೆಯಿರಿ.

ಈಗಲೂ ಒಂದು ಕೆಲಸ ಮಾಡಬಹುದು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನ ನಿಮ್ಮ ತಾಲೂಕಿನ ರನ್‌ವೇ ಮೇಲೇ ತಾನಾಗಿ ಇಳಿಯಿತಲ್ಲ, ಅದನ್ನು ಎರಡು ಸಾಲಿನಲ್ಲಿ ಹೇಳಿ 'ನಿಮಗೆ ಏನು ಕೇಳಬೇಕು ಅನ್ನಿಸುತ್ತದೆ, ಬರೆಯಿರಿ' ಅನ್ನಿ. ಎರಡೂ ಸೆಕ್ಷನ್ನಿಗೆ ಕೊಡಿ. ಪ್ರಶ್ನೆಗಳನ್ನು ಎಣಿಸಿ, 'ಎಷ್ಟು', 'ಯಾವಾಗ' ಬೇರೆ ಇಡಿ, 'ಹೇಗೆ', 'ಯಾಕೆ' ಬೇರೆ ಇಡಿ. ಯಾವ ಹಾಳೆ ಯಾವ ಸೆಕ್ಷನ್ನಿನದು ಅಂತ ಗೊತ್ತಿಲ್ಲದ ಇನ್ನೊಬ್ಬ ಶಿಕ್ಷಕರು ವಿಂಗಡಿಸಿದರೆ ಒಳ್ಳೆಯದು. ಜೂನ್‌ಗೆ ಹೊಸ ಹೇಳಿಕೆ ತಯಾರಾದ ಮೇಲೆ ಇಲ್ಲೇ ಹಾಕಿ, ಒಂದೊಂದಾಗಿ ನೋಡೋಣ.