‘ನನ್ನ ಕಥೆಯಲ್ಲಿ ನನ್ನ ದನಿ ಎಲ್ಲಿದೆ?’ – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಕಾರವಾರ ಕಡೆಯ ಯುವ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದುಕೊಂಡಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಈಗ ಬೆಂಗಳೂರಿನಲ್ಲಿ ಕೆಲಸ. ಕೆಲವು ವರ್ಷಗಳಿಂದ ಕಥೆ ಬರೆಯುತ್ತಿದ್ದಾರೆ. ಕಳಿಸಿದ ಕಡೆಯಿಂದೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಬರುತ್ತದಂತೆ: ‘ಭಾಷೆ ಚೆನ್ನಾಗಿದೆ, ಆದರೆ ನಿಮ್ಮದೇ ದನಿ ಕೇಳಿಸುತ್ತಿಲ್ಲ.’ ಅವರ ಅಪ್ಪ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಆ ಕೆಲಸ ನಿಂತ ಮೇಲೆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಕಥೆ ಮಾಡಲು ಹೊರಟು, ‘ಇದು ತೀರಾ ಮನೆಯ ವಿಷಯ’ ಅನ್ನಿಸಿ ಅರ್ಧಕ್ಕೆ ಬಿಟ್ಟರಂತೆ. ಅವರು ಕೇಳಿದ್ದು ಇಷ್ಟು: ನಾನು ಯಾರು ಅಂತ ಮೊದಲು ತಿಳಿದುಕೊಂಡು ಬರೆಯಬೇಕಾ, ಬರೆಯುತ್ತಾ ತಿಳಿಯುತ್ತದಾ? ಮನೆಮಾತನ್ನು ಕಥೆಗೆ ತಂದರೆ ದನಿ ಬರುತ್ತದಾ?

ಬಹಳ ಪತ್ರಗಳು ಬಂದಿವೆ. ಆಯ್ದ ಕೆಲವು ಇಲ್ಲಿವೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಎಲ್ಲರ ಊರನ್ನು ಮಾತ್ರ ಕೊಟ್ಟಿದ್ದೇವೆ.

*

ದನಿ ದನಿ ಅಂತ ಕೂತರೆ ಕಥೆ ಬರೆಯುವುದು ಯಾವಾಗ? ನನಗೆ ನಿಮ್ಮ ದನಿ ಬೇಡ. ಆ ಎಂಜಿನ್ ರಿಪೇರಿಯವರಿಗೆ ಮುಂದೇನಾಯಿತು ಅನ್ನುವುದು ಬೇಕು. ಅರ್ಧಕ್ಕೆ ಬಿಟ್ಟದ್ದನ್ನು ಮೊದಲು ಮುಗಿಸಿ.

– ಹೊನ್ನಾವರ

*

ಮನೆಮಾತಿನ ಪ್ರಶ್ನೆಗೆ ಉತ್ತರಿಸಿದವರೇ ಹೆಚ್ಚು. ಅವರ ಪರವಾಗಿ ಈ ಒಂದು ಪತ್ರ.

*

ನಾನು ಕುಮಟಾ ತಾಲೂಕಿನ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮ ಜಿಲ್ಲೆಯ ತರಗತಿಗಳಲ್ಲಿ ಎಷ್ಟು ಥರದ ಮಾತು ಇರುತ್ತದೆ ಅನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿಗಳ ಕನ್ನಡ, ಉರ್ದು. ಭಟ್ಕಳದ ಕಡೆಗೆ ಹೋದರೆ ನವಾಯತಿ. ಮಕ್ಕಳು ಇದನ್ನೆಲ್ಲ ಶಾಲೆಯ ಗೇಟಿನ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಮಳೆಗಾಲದ ಬಗ್ಗೆ ಪ್ರಬಂಧ ಬರೆಸಿದರೆ ಎಲ್ಲರ ಮಳೆಯೂ ಒಂದೇ. ದೋಣಿಯವರ ಮಗನೂ ತೋಟದವರ ಮಗಳೂ ‘ರೈತನ ಮೊಗದಲ್ಲಿ ಹರ್ಷ ಮೂಡಿತು’ ಅಂತಲೇ ಬರೆಯುತ್ತಿದ್ದರು. ಹಾಗೆ ಬರೆದರೆ ಪೂರ್ತಿ ಅಂಕ ಸಿಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಮನೆಮಾತು ಬೇರೆ ಇದ್ದದ್ದು ಅಡ್ಡಿ ಅಂತ ಮಾತ್ರ ತಿಳಿಯಬೇಡಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯವರದು ಕೊಂಕಣಿ. ನಿಮಗೆ ನನ್ನ ಸಲಹೆ: ಕನ್ನಡ ವಾಕ್ಯದ ನಡುವೆ ಅಲ್ಲೊಂದು ಇಲ್ಲೊಂದು ಕೊಂಕಣಿ ಪದ ಹಾಕಿ ಸಮಾಧಾನಪಡಬೇಡಿ. ಅದು ಓದುಗರಿಗೆ ಊರು ತೋರಿಸುತ್ತದೆ, ನಿಮ್ಮನ್ನು ತೋರಿಸುವುದಿಲ್ಲ. ಅಪ್ಪ ಸಿಟ್ಟು ಬಂದಾಗ ಮಾತನ್ನು ಎಲ್ಲಿಗೆ ನಿಲ್ಲಿಸುತ್ತಾರೆ, ಅಮ್ಮ ಯಾವ ಮಾತನ್ನು ಎರಡು ಸಲ ಹೇಳುತ್ತಾರೆ, ಆ ನಡೆ ಕನ್ನಡದೊಳಗೆ ಬರಲಿ.

– ಕುಮಟಾ

*

ನಾನು ಕಥೆಗಾರನಲ್ಲ. ಒಂದು ಟ್ರಾಲರ್ ಬೋಟಿನಲ್ಲಿ ಪಾಲು ಇದೆ. ಕರಾವಳಿಯ ಕಥೆ ಅಂತ ಕಂಡದ್ದನ್ನೆಲ್ಲ ಓದುತ್ತೇನೆ. ಅವುಗಳಲ್ಲಿ ಮೀನುಗಾರ ಯಾವಾಗಲೂ ಅಲೆಯ ಜೊತೆ ಹೋರಾಡುತ್ತಿರುತ್ತಾನೆ, ಇಲ್ಲವೇ ಬೆಳದಿಂಗಳಲ್ಲಿ ಹಾಡುತ್ತಿರುತ್ತಾನೆ. ನಮ್ಮ ಬದುಕು ಅದಲ್ಲ.

ಮೀನು ಮೊಟ್ಟೆಯಿಡುವ ಕಾಲ ಅಂತ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲರ್, ಪರ್ಸಿನ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬೋಟು ದಡದಲ್ಲಿ. ಬಲೆ ಸರಿಮಾಡುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಕೆಲಸ ಮಾಡಿಸುವುದು ಎಲ್ಲ ಆಗಲೇ. ಅಂದರೆ ನಿಮ್ಮ ಅಪ್ಪನಿಗೆ ಅದೇ ಸೀಸನ್. ನಮಗೆಲ್ಲ ಕೆಲಸ ಇಲ್ಲದಾಗ ನಿಮ್ಮ ಮನೆಯಲ್ಲಿ ಊಟಕ್ಕೂ ಬಿಡುವಿಲ್ಲದಷ್ಟು ಕೆಲಸ. ಆದರೆ ಕೆಲಸ ಮಾಡಿಸಿದವರ ಕೈಯಲ್ಲಿ ಆ ತಿಂಗಳು ದುಡ್ಡೇ ಇರುವುದಿಲ್ಲ. ಆಗಸ್ಟಿನಲ್ಲಿ ಮೀನು ಸಿಕ್ಕಿದ ಮೇಲೆ ಕೊಡುತ್ತೇನೆ ಅನ್ನುತ್ತೇವೆ. ಸಿಗದಿದ್ದರೆ? ನಿಮ್ಮ ಅಪ್ಪ ಯಾರ ಯಾರ ಬಾಕಿ ಬಿಟ್ಟರು, ಯಾರ ಮನೆ ಬಾಗಿಲಿಗೆ ಹೋಗಿ ಕೇಳಿದರು, ವಾಪಸ್ ಬಂದು ಊಟಕ್ಕೆ ಕೂತಾಗ ಅವರ ಮುಖ ಹೇಗಿತ್ತು? ಇದು ನನಗೆ ಗೊತ್ತಿಲ್ಲ. ನಾನು ಬಾಕಿ ಉಳಿಸಿಕೊಂಡವರ ಕಡೆಯವನು. ನಿಮಗೆ ಗೊತ್ತು. ಅದನ್ನು ಓದಲು ನಾನು ಕಾಯುತ್ತಿದ್ದೇನೆ.

– ಅಂಕೋಲಾ

*

ನನ್ನ ಮಗಳೂ ಕಥೆ ಬರೆಯುತ್ತಾಳೆ. ಅಚ್ಚಾದದ್ದನ್ನು ಓದುವಾಗ ನನಗೆ ಎದೆ ಹೊಡೆದುಕೊಳ್ಳುತ್ತದೆ, ಎಲ್ಲಿ ನಮ್ಮ ಮನೆ ಬಂತೋ ಅಂತ. ದಯವಿಟ್ಟು ಆ ಕಥೆಯನ್ನು ಮೊದಲು ನಿಮ್ಮ ಅಪ್ಪನಿಗೆ ತೋರಿಸಿ. ಅವರ ಬದುಕು ಅವರದು ಕೂಡ, ಅಲ್ವಾ?

– ಯಲ್ಲಾಪುರ

*

ಈ ತಾಯಿಯ ಮಾತಿಗೆ ತೂಕವಿದೆ. ಬರೆಯುವವರ ಕಡೆಯಿಂದ ಅದೇ ಕಷ್ಟವನ್ನು ಕಂಡ ಪತ್ರ ಮುಂದಿನದು.

*

ತಮ್ಮಾ, ನಿಮ್ಮ ಪತ್ರದಲ್ಲಿ ‘ತೀರಾ ಮನೆಯ ವಿಷಯ’ ಅನ್ನುವ ಮಾತು ಓದಿ ಪತ್ರಿಕೆ ಮುಚ್ಚಿಟ್ಟು ಎದ್ದುಹೋದೆ. ಮರುದಿನ ಮತ್ತೆ ತೆಗೆದೆ. ಬರೆಯದೆ ಇರಲು ಆಗಲಿಲ್ಲ.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದೂ ಅಂಥದೇ ಮನೆಗೆ. ಕಾಲೇಜಿನಲ್ಲಿದ್ದಾಗ ಬರೆದ ಮೊದಲ ಕಥೆ ನಮ್ಮ ದೊಡ್ಡಾಯಿಯದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಆ ಮನೆಯಲ್ಲೇ ಉಳಿದವಳು. ಅಡಿಕೆ ಸುಲಿಯುವ ಕಾಲದಲ್ಲಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತವರಿಗೆಲ್ಲ ಅವಳೇ ಕಥೆ ಹೇಳುತ್ತಿದ್ದಳು. ಯಾರಿಗೂ ನಿದ್ದೆ ಬರದ ಹಾಗೆ ಹೇಳುತ್ತಿದ್ದಳು. ತೋಟ ಹಿಸ್ಸೆಯಾದಾಗ ಮಾತ್ರ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದನ್ನೇ ಬರೆದಿದ್ದೆ. ಕಥೆ ಅಚ್ಚಾಯಿತು. ಮನೆಯವರು ಗುರುತು ಹಿಡಿದರು. ಯಾರೂ ಬೈಯಲಿಲ್ಲ. ಅಪ್ಪಯ್ಯ ಆ ಪತ್ರಿಕೆಯನ್ನು ಬಚ್ಚಲ ಒಲೆಗೆ ಹಾಕಿದರು, ಅಷ್ಟೇ. ‘ಬರೆಯುವುದೇ ಆದರೆ ಬೇರೆ ಊರಿನವರದ್ದು ಬರಿ’ ಅಂದಳು ಆಯಿ.

ಬೇರೆ ಊರಿನವರದ್ದೇ ಬರೆದೆ. ನಾನು ಕಾಲಿಡದ ಬೆಂಗಳೂರಿನ ಫ್ಲ್ಯಾಟುಗಳು, ಕಾಫಿ ಕುಡಿಯುತ್ತಾ ಬೇರೆಯಾಗುವ ಗಂಡ ಹೆಂಡತಿ. ಅವೂ ಅಚ್ಚಾದವು. ಭಾಷೆ ಚೆನ್ನಾಗಿದೆ ಅಂದರು, ನಿಮಗೆ ಅಂದ ಹಾಗೆಯೇ. ಅವು ನನ್ನವು ಅಂತ ನನಗೇ ಅನ್ನಿಸುತ್ತಿರಲಿಲ್ಲ.

ಮಕ್ಕಳು ಓದಲು ಹೊರಗೆ ಹೋದ ಮೇಲೆ, ಒಂದು ಮಳೆಗಾಲದಲ್ಲಿ ಆ ಕಥೆಗಳನ್ನೆಲ್ಲ ತೆಗೆದು ಒಟ್ಟಿಗೆ ಓದಿದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಾವ ಕಥೆಯಾದರೂ ಸರಿ, ದುಡ್ಡು ಆಸ್ತಿಯ ಮಾತು ಶುರುವಾದ ಕೂಡಲೇ ಒಬ್ಬ ಹೆಂಗಸು ಎದ್ದು ಒಳಗೆ ಹೋಗುತ್ತಾಳೆ. ಚಾ ಮಾಡಲು, ಮಗುವನ್ನು ಎತ್ತಿಕೊಳ್ಳಲು, ಒಣಗಿದ ಬಟ್ಟೆ ತೆಗೆಯಲು. ನಾನು ಬೇಕೆಂದು ಹಾಗೆ ಬರೆದದ್ದಲ್ಲ. ಕಥೆಯೂ ಅವಳ ಹಿಂದೆಯೇ ಒಳಗೆ ಹೋಗಿಬಿಡುತ್ತದೆ. ಹೊರಗೆ ಜಗಲಿಯಲ್ಲಿ ಏನು ತೀರ್ಮಾನವಾಯಿತು ಅಂತ ಓದುವವರಿಗೆ ತಿಳಿಯುವುದೇ ಇಲ್ಲ.

ಆ ಹೆಂಗಸು ನಾನು. 2005ರಲ್ಲಿ ಕಾನೂನು ಬದಲಾಗಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಬಂತು. ಆಮೇಲೆ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರಿಂದ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ನಮ್ಮ ಮನೆಯಲ್ಲೂ ಅದೇ ಆಯಿತು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಿದ್ದು, ಕರೆದಾಗ ಹೋಗಿ ಸಹಿ ಹಾಕಿದೆ. ಹೊರಗೆ ಬಂದು ಎಲ್ಲರೂ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ಅಣ್ಣ ಸೀರೆ ಕೊಡಿಸಿದ. ನಗುತ್ತಲೇ ಉಟ್ಟೆ. ದೊಡ್ಡಾಯಿಯ ಸಂಕಟ ಅಂತ ಬರೆದ ಕಥೆಯಲ್ಲಿ ‘ನನಗೂ ಹೀಗೇ ಆಗುತ್ತದೆ’ ಅನ್ನುವ ಹೆದರಿಕೆ ಇತ್ತು ಅಂತ ನನಗೆ ಗೊತ್ತಾದದ್ದು ಆ ಮಳೆಗಾಲದಲ್ಲಿ.

ಸಹಿ ಹಾಕಿದ ಆ ದಿನವನ್ನು ಬರೆಯಲು ಕೂತೆ. ನನ್ನ ವಾಕ್ಯಗಳೇ ಬದಲಾದವು ತಮ್ಮಾ. ಮೊದಲೆಲ್ಲ ತೋಟದ ಮಂಜು, ಜೀರುಂಡೆ, ಮಳೆಯ ವಾಸನೆ ಇಲ್ಲದೆ ನನ್ನ ಕಥೆ ಶುರುವಾಗುತ್ತಿರಲಿಲ್ಲ. ಇದರಲ್ಲಿ ಅವು ಒಂದೂ ಬರಲಿಲ್ಲ. ಬೆಂಚು ಬಂತು. ಬೆರಳಿಗೆ ಹತ್ತಿದ ಶಾಯಿ ಬಂತು. ದೋಸೆಯ ಬಿಲ್ಲು ಯಾರು ಕೊಟ್ಟರು ಅನ್ನುವುದು ಬಂತು. ಗಟ್ಟಿಯಾಗಿ ಓದಿದರೆ ದೊಡ್ಡಾಯಿ ಹೇಳಿದ ಹಾಗೇ ಕೇಳಿಸಿತು. ಅವಳೂ ವರ್ಣನೆ ಮಾಡುತ್ತಿರಲಿಲ್ಲ. ಯಾರು ಯಾರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ, ಆಮೇಲೆ ಏನಂದರು. ಇಷ್ಟರಲ್ಲೇ ಅವಳ ಕಥೆ ನಡೆಯುತ್ತಿತ್ತು.

ಆ ಕಥೆಯನ್ನು ನಾನು ಎಲ್ಲಿಗೂ ಕಳಿಸಿಲ್ಲ. ಅಣ್ಣನ ಮನೆಗೆ ಈಗಲೂ ಹೋಗುತ್ತೇನೆ. ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಾಳೆ. ಆ ತವರನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ. ಹಾಗಂತ ಬರೆದದ್ದಕ್ಕೆ ಬೇಸರವೂ ಇಲ್ಲ. ಅದಾದ ಮೇಲೆ ಏನು ಬರೆದರೂ, ಬೇರೆ ಯಾರದೋ ಕಥೆಯಾದರೂ, ಅದು ನನ್ನದೇ ಅನ್ನಿಸುತ್ತದೆ. ಹೆಂಗಸರು ಎದ್ದು ಒಳಗೆ ಹೋಗುವುದು ನಿಂತಿದೆ.

ನೀವೂ ನಿಮ್ಮ ಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ. ಕಥೆ ಎಲ್ಲಿ ಮುಖ ತಿರುಗಿಸುತ್ತದೆ ಅಂತ ಗುರುತು ಹಾಕಿ. ಅಪ್ಪನ ಕಥೆಯನ್ನು ಯಾರಿಗೂ ತೋರಿಸುವುದಿಲ್ಲ ಅಂದುಕೊಂಡೇ ಮುಗಿಸಿ. ತೋರಿಸುವುದೋ ಬಿಡುವುದೋ ಆಮೇಲಿನ ಮಾತು.

– ಶಿರಸಿ

*

ಪತ್ರ ಉದ್ದವಾಗಿದ್ದರೂ ಒಂದು ಸಾಲನ್ನೂ ತೆಗೆಯಲು ನಮಗೆ ಮನಸ್ಸಾಗಲಿಲ್ಲ. ಬೇರೆ ದಾರಿ ಹೇಳಿದವರೂ ಇದ್ದಾರೆ.

*

ಒಳಗೆ ನೋಡಿಕೋ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸುಮ್ನೆ ತನ್ನನ್ನೇ ನೋಡಿಕೊಳ್ಳುತ್ತಾ ಕೂತವರ ಕಥೆಯಲ್ಲಿ ಒಬ್ಬರೇ ಇರುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡಿ, ಅವರ ಮಾತು ಕೇಳಿ.

– ದಾಂಡೇಲಿ

*

ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ನಾನು, ಅಂದರೆ ಹಾಡಿದ ಪದ್ಯವನ್ನು ಪಾತ್ರವಾಗಿ ಕೂತು ಮಾತಿನಲ್ಲಿ ಬೆಳೆಸುವವನು. ಪ್ರಸಂಗ ಯಾರೋ ಕವಿಯದು, ಪದ್ಯ ಹಾಡುವವರು ಭಾಗವತರು, ಪಾತ್ರ ಪುರಾಣದ್ದು. ವೇಷವೂ ಇಲ್ಲ, ಕುಣಿತವೂ ಇಲ್ಲ. ನಮ್ಮದು ಅಂತ ಇರುವುದು ಅರ್ಥ ಒಂದೇ. ಆದರೂ ಕಣ್ಣು ಮುಚ್ಚಿ ಕೂತವರು, ಇವತ್ತು ಕರ್ಣನ ಅರ್ಥ ಹೇಳುತ್ತಿರುವವರು ಯಾರು ಅಂತ ಎರಡು ಮಾತಿಗೇ ಹೇಳಿಬಿಡುತ್ತಾರೆ.

ನಾನು ಶುರುಮಾಡಿದಾಗ ಹಿರಿಯರೊಬ್ಬರ ಅರ್ಥವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಹಾಗೇ ಬಾಯಿಪಾಠ ಮಾಡಿದ್ದೆ. ಅದಕ್ಕೆ ನನಗೆ ನಾಚಿಕೆ ಇಲ್ಲ. ನೀವೂ ಮೆಚ್ಚಿದವರ ಹಾಗೆ ಬರೆದದ್ದಕ್ಕೆ ನಾಚಬೇಡಿ. ಆದರೆ ಬಾಯಿಪಾಠ ಎದುರಿನವರು ಪ್ರಶ್ನೆ ಕೇಳುವವರೆಗೆ ಮಾತ್ರ ನಡೆಯುತ್ತದೆ. ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಸನ್ನಿವೇಶ. ನಾನು ಕರ್ಣ. ‘ಇಷ್ಟು ವರ್ಷ ತಾಯಿ ಯಾರು ಅಂತ ನೀನೇ ಯಾಕೆ ಹುಡುಕಲಿಲ್ಲ?’ ಅಂತ ಕೃಷ್ಣನ ಅರ್ಥ ಹೇಳುತ್ತಿದ್ದವರು ಕೇಳಿಬಿಟ್ಟರು. ಕ್ಯಾಸೆಟ್ಟಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾನು ಅಜ್ಜಿಮನೆಯಲ್ಲಿ ಬೆಳೆದವನು. ‘ಸಿಕ್ಕಿದ ಮೇಲೆ ಅವಳು ನನ್ನನ್ನು ಬೇಡ ಅಂದರೆ ಎರಡನೇ ಸಲ ಅನಾಥನಾಗುತ್ತಿದ್ದೆ’ ಅನ್ನುವ ಮಾತು ಬಾಯಿಗೆ ಬಂತು. ಸಭೆ ಸುಮ್ಮನಾಯಿತು. ನನಗೇ ಗಂಟಲು ಕಟ್ಟಿತು.

ನಿಮ್ಮ ಕಥೆಯನ್ನು ನಿಷ್ಠುರದವರೊಬ್ಬರ ಎದುರು ಕೂತು ಓದಿ. ನಡುನಡುವೆ ಪ್ರಶ್ನೆ ಕೇಳಲಿ. ಯಾವುದಕ್ಕೆ ತಯಾರಿ ಇಲ್ಲದೆ ಉತ್ತರ ಕೊಡುತ್ತೀರೋ, ಮನೆಗೆ ಹೋಗಿ ಮೊದಲು ಅದನ್ನು ಬರೆದುಕೊಳ್ಳಿ.

– ಸಿದ್ದಾಪುರ

*

ಕಾರವಾರದವರಾದ ನಿಮಗೆ ಟಾಗೋರ್ ಕಡಲತೀರ ಗೊತ್ತು. ಆ ಹೆಸರಿನ ಹಿಂದಿನ ಸಂಗತಿ ನಿಮ್ಮ ಮೊದಲ ಪ್ರಶ್ನೆಗೆ ಹತ್ತಿರದ್ದು. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ಮನೆಗೆ ಬಂದಿದ್ದಾಗ ರವೀಂದ್ರರಿಗೆ 22 ವರ್ಷ. ಇಲ್ಲಿ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಅದರಲ್ಲೊಬ್ಬ ಸನ್ಯಾಸಿ. ಪ್ರೀತಿ, ಮೋಹ ಎಲ್ಲ ಕಿತ್ತುಹಾಕಿ ಒಬ್ಬನೇ ಸತ್ಯ ಅರಿಯುತ್ತೇನೆ ಅಂತ ಹೊರಟವನು. ಒಬ್ಬ ಅನಾಥ ಹುಡುಗಿ ಅವನನ್ನು ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತಾಳೆ.

ತಾವು ಮುಂದೆ ಬರೆದದ್ದಕ್ಕೆಲ್ಲ ಆ ನಾಟಕವೇ ಪೀಠಿಕೆಯಂತಿತ್ತು ಅಂತ ರವೀಂದ್ರರು ತಮ್ಮ ನೆನಪುಗಳಲ್ಲಿ ಹೇಳಿಕೊಂಡರು. ಹಾಗೆ ಹೇಳಿದ್ದು ಸುಮಾರು ಮೂರು ದಶಕ ಕಳೆದ ಮೇಲೆ. ಇಲ್ಲಿ ಕೂತು ಬರೆಯುವಾಗ ಅವರಿಗೂ ಅದು ಪೂರ್ತಿ ತಿಳಿದಿರಲಿಕ್ಕಿಲ್ಲ ಅಂತ ನನ್ನ ಎಣಿಕೆ. ನೀವು ‘ಮೊದಲು ತಿಳಿಯಬೇಕಾ’ ಅಂತ ಕೇಳಿದಿರಿ. ಬೇಡ. ಆ ಸನ್ಯಾಸಿಯ ಹಾಗೆ ಎಲ್ಲರಿಂದ ದೂರ ಕೂತು ತಿಳಿಯಲು ಹೋಗುವುದಂತೂ ಬೇಡವೇ ಬೇಡ. ರಜೆ ಹಾಕಿ ಊರಿಗೆ ಬನ್ನಿ. ಅಪ್ಪನ ಹತ್ತಿರ ಎಂಜಿನ್ ಬಗ್ಗೆ ಕೇಳಿ. ಕೆಲಸ ನಿಂತ ಬಗ್ಗೆ ಅವರಾಗಿಯೇ ಮಾತು ತೆಗೆಯುವವರೆಗೆ ಎಂಜಿನ್ ಬಗ್ಗೆಯೇ ಕೇಳುತ್ತಾ ಇರಿ.

– ಕಾರವಾರ

*

ಕೊಂಕಣಿ ಮತ್ತು ಕನ್ನಡದ ಬಗ್ಗೆಯೇ ಬಂದ ಪತ್ರಗಳು ಇನ್ನೂ ಇವೆ. ಅದು ಬೇರೆಯೇ ಚರ್ಚೆ ಅನ್ನಿಸಿದ್ದರಿಂದ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಸಮಸ್ಯೆ ಬರೆದವರಿಗೆ ಎಲ್ಲ ಪತ್ರಗಳ ಪ್ರತಿಯನ್ನು ಕಳಿಸಿದ್ದೇವೆ. ಶಿರಸಿಯ ಪತ್ರವನ್ನು ಮೇಲಿಟ್ಟಿದ್ದೇವೆ.